ಸ್ವಯಂಸೇವಾ ವಿಮಾನಗಳಲ್ಲಿ ನಾಯಿಗಳ ಸ್ಥಳಾಂತರ (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದ ಕಿಕ್ಕಿರಿದ ಪ್ರಾಣಿ ಆಶ್ರಯಧಾಮಗಳಲ್ಲಿ ದಯಾಮರಣದ ಪಟ್ಟಿಗೆ ಸೇರುವ ಅಪಾಯವಿರುವ ನಾಯಿಗಳನ್ನು, ದತ್ತು ಪಡೆಯುವವರಿರುವ ದೂರದ ಊರುಗಳಿಗೆ ಹವ್ಯಾಸಿ ಪೈಲಟ್‌ಗಳು ತಮ್ಮ ಸಣ್ಣ ವಿಮಾನಗಳಲ್ಲಿ ಉಚಿತವಾಗಿ ಒಯ್ಯುವ ಸೇವೆ. ಬಿಡಿಬಿಡಿಯಾಗಿ ನಡೆಯುತ್ತಿದ್ದ ಈ ಕೆಲಸಕ್ಕೆ 2008ರಲ್ಲಿ ಆರಂಭವಾದ ಪೈಲಟ್ಸ್ ಎನ್ ಪಾಸ್ ಸಂಸ್ಥೆಯಿಂದ ದೇಶವ್ಯಾಪಿ ರೂಪ ಬಂತು. ನಾಯಿಗಳ ಜೊತೆಗೆ ಬೆಕ್ಕು, ಮೊಲ ಮುಂತಾದ ಸಾಕುಪ್ರಾಣಿಗಳೂ ಹೀಗೆ ಪ್ರಯಾಣಿಸುತ್ತವೆ. ಒಂದೆಡೆ ನಾಯಿಗಳು ಹೆಚ್ಚಾಗಿವೆ, ಇನ್ನೊಂದೆಡೆ ಸಾಕುವವರು ಹೆಚ್ಚಾಗಿದ್ದಾರೆ. ಇವೆರಡರ ನಡುವಿನ ದೂರವನ್ನು ದಾಟಿಸುವುದಷ್ಟೇ ಈ ಸೇವೆಯ ಕೆಲಸ. ಅದರ ಶಕ್ತಿಯೂ ಮಿತಿಯೂ ಅದೇ.

ಹಿನ್ನೆಲೆ

ಅಮೆರಿಕದ ಆಶ್ರಯಧಾಮಗಳಲ್ಲಿ ಹಲವು ಕೌಂಟಿ ಅಥವಾ ನಗರಾಡಳಿತದ ಅಧೀನದಲ್ಲಿವೆ. ಬೀದಿಯಲ್ಲಿ ಸಿಕ್ಕ ನಾಯಿಯನ್ನು ನಿಗದಿತ ದಿನಗಳ ಕಾಲ ಇಟ್ಟುಕೊಳ್ಳುತ್ತಾರೆ. ಯಜಮಾನರು ಬಾರದಿದ್ದರೆ ದತ್ತು ಕೊಡಲು ಯತ್ನಿಸುತ್ತಾರೆ. ಜಾಗ ಸಾಲದಾದಾಗ ಆರೋಗ್ಯವಂತ ನಾಯಿಗೂ ಮರಣದ ಚುಚ್ಚುಮದ್ದು ಕೊಡುವುದುಂಟು. ಅಮೆರಿಕದ ಪ್ರಾಣಿ ಹಿಂಸಾ ನಿವಾರಣಾ ಸಂಘದ (ಎಎಸ್‌ಪಿಸಿಎ) ಅಂದಾಜಿನಂತೆ 2011ರಲ್ಲಿ ದೇಶದ ಆಶ್ರಯಧಾಮಗಳಲ್ಲಿ ಸುಮಾರು 26 ಲಕ್ಷ ನಾಯಿ-ಬೆಕ್ಕುಗಳು ಹೀಗೆ ಸತ್ತಿದ್ದವು. 2019ರ ಹೊತ್ತಿಗೆ ಈ ಸಂಖ್ಯೆ ಸುಮಾರು 9.2 ಲಕ್ಷಕ್ಕೆ ಇಳಿದಿತ್ತು.

ಈ ಹೊರೆ ದೇಶದ ಎಲ್ಲ ಭಾಗಗಳಲ್ಲೂ ಒಂದೇ ಸಮನಾಗಿಲ್ಲ. ಟೆಕ್ಸಸ್, ಲೂಯಿಸಿಯಾನ, ಜಾರ್ಜಿಯ, ಕೆರೊಲಿನಾಗಳಂಥ ದಕ್ಷಿಣದ ರಾಜ್ಯಗಳ ಗ್ರಾಮೀಣ ಕೌಂಟಿಗಳಲ್ಲಿ ಆಶ್ರಯಧಾಮದ ಬಜೆಟ್ ಚಿಕ್ಕದು, ಪಶುವೈದ್ಯರು ಕಡಿಮೆ, ಕಡಿಮೆ ದರದ ಸಂತಾನಹರಣ ಚಿಕಿತ್ಸೆ ದೂರದ ಮಾತು. ಬೆಚ್ಚನೆಯ ಹವೆಯಲ್ಲಿ ನಾಯಿಗಳನ್ನು ವರ್ಷವಿಡೀ ಹೊರಗೇ ಬಿಟ್ಟು ಸಾಕುವ ರೂಢಿಯೂ ಇದೆ. ಈಶಾನ್ಯದ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ಪರಿಸ್ಥಿತಿ ತಿರುವುಮುರುವು. ಅಲ್ಲಿ ದಶಕಗಳ ಸಂತಾನಹರಣ ಚಳವಳಿಯಿಂದಾಗಿ ಆಶ್ರಯಧಾಮಗಳಲ್ಲಿ ಮರಿಗಳೂ ಸಣ್ಣ ನಾಯಿಗಳೂ ಅಪರೂಪವಾದವು, ಬಯಸಿ ಬರುವ ಕುಟುಂಬಗಳು ಮಾತ್ರ ಕಡಿಮೆಯಾಗಲಿಲ್ಲ. ಪಶ್ಚಿಮ ಕರಾವಳಿಯಲ್ಲೂ ಇಂಥದೇ ವ್ಯತ್ಯಾಸವಿದೆ: ಕ್ಯಾಲಿಫೋರ್ನಿಯದ ಆಶ್ರಯಧಾಮಗಳಲ್ಲಿ ತುಂಬಿಹೋದ ಚಿವಾವಾ ತಳಿಯ ಪುಟ್ಟ ನಾಯಿಗಳಿಗೆ ಒರೆಗಾನ್, ವಾಷಿಂಗ್ಟನ್ ರಾಜ್ಯಗಳಲ್ಲಿ ಸುಲಭವಾಗಿ ಮನೆ ಸಿಗುತ್ತದೆ.

2005ರ ಕತ್ರಿನಾ ಚಂಡಮಾರುತ ಈ ಅಂತರರಾಜ್ಯ ಸಾಗಣೆಗೆ ದೊಡ್ಡ ತಿರುವು ಕೊಟ್ಟಿತು. ಸಾಕುಪ್ರಾಣಿಗಳನ್ನು ಬಿಟ್ಟು ಬರಲೊಲ್ಲದೆ ಅನೇಕರು ಮುಳುಗುತ್ತಿದ್ದ ಮನೆಗಳಲ್ಲೇ ಉಳಿದರು. ಅನಾಥವಾದ ಸಾವಿರಾರು ಪ್ರಾಣಿಗಳು ದೂರದ ರಾಜ್ಯಗಳಿಗೆ ಹೋದವು. ವಿಪತ್ತಿನ ವೇಳೆ ಜನರನ್ನು ತೆರವುಗೊಳಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳಿಗೂ ಸ್ಥಾನವಿರಬೇಕೆಂಬ ಪೆಟ್ಸ್ ಕಾಯ್ದೆ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು.

ಉಗಮ

ದಕ್ಷಿಣ ಕೆರೊಲಿನಾದ ಡೆಬಿ ಬಾಯಿಸ್ ಎಂಬ ನಿವೃತ್ತ ದಾದಿ 2008ರಲ್ಲಿ ಫ್ಲಾರಿಡಾದಲ್ಲಿದ್ದ ಒಂದು ಡೋಬರ್ಮನ್ ನಾಯಿಯನ್ನು ದತ್ತು ಪಡೆಯಲು ಬಯಸಿದರು. ಅದನ್ನು ತರುವ ದಾರಿ ಹುಡುಕುತ್ತಿದ್ದಾಗ ಟೆನೆಸಿಯ ಹವ್ಯಾಸಿ ಪೈಲಟ್ ಜಾನ್ ವೆರೆನ್‌ಬರ್ಗ್ ತಮ್ಮ ವಿಮಾನದಲ್ಲಿ ತಂದುಕೊಡಲು ಮುಂದಾದರು. ನಾಯಿಗಳ ಇಂಥ ಸಾಗಣೆ ಅದಾಗಲೇ ರಸ್ತೆಯಲ್ಲಿ ನಡೆಯುತ್ತಿದೆಯೆಂದೂ, ವಾರಾಂತ್ಯಗಳಲ್ಲಿ ಸ್ವಯಂಸೇವಕರು ಕಾರಿನಿಂದ ಕಾರಿಗೆ ನಾಯಿಗಳನ್ನು ದಾಟಿಸುತ್ತ ನೂರಾರು ಮೈಲಿ ಕೊಂಡೊಯ್ಯುತ್ತಾರೆಂದೂ ವೆರೆನ್‌ಬರ್ಗ್ ಅವರಿಗೆ ಆಗ ತಿಳಿಯಿತು. ಹಾರುವ ನೆಪಕ್ಕಾಗಿ ಕಾಯುವ ಪೈಲಟ್‌ಗಳನ್ನು ಈ ಕೆಲಸಕ್ಕೆ ಜೋಡಿಸಬಹುದೆಂದು ಹೊಳೆದು ಇಬ್ಬರೂ ಸೇರಿ ಪೈಲಟ್ಸ್ ಎನ್ ಪಾಸ್ ಕಟ್ಟಿದರು.

ಆ ನೆಪದ ಮಾತು ಹಗುರವಾದುದಲ್ಲ. ಕೈಚಳಕ ಉಳಿಯಬೇಕಾದರೆ ಪೈಲಟ್ ಆಗಾಗ ಹಾರುತ್ತಿರಬೇಕು. ಪಕ್ಕದ ಊರಿನ ವಿಮಾನ ನಿಲ್ದಾಣಕ್ಕೆ ಹಾರಿ, ತಿಂಡಿ ತಿಂದು ಮರಳುವುದು ಅಮೆರಿಕದ ಹವ್ಯಾಸಿ ಪೈಲಟ್‌ಗಳ ಹಳೆಯ ಚಾಳಿ. ಇಂಧನದ ಖರ್ಚನ್ನು ಲೆಕ್ಕಹಿಡಿದು ಅದನ್ನು ಅವರೇ ‘ನೂರು ಡಾಲರ್ ಹ್ಯಾಂಬರ್ಗರ್’ ಎಂದು ಗೇಲಿ ಮಾಡಿಕೊಳ್ಳುತ್ತಾರೆ. ಹೇಗೂ ಆಗುವ ಆ ಖರ್ಚಿಗೆ ಒಂದು ಸಾರ್ಥಕ ಗುರಿ ಸಿಕ್ಕಿದ್ದರಿಂದ ಸಂಸ್ಥೆ ಬೇಗ ಬೆಳೆಯಿತು, ಸಾವಿರಾರು ಪೈಲಟ್‌ಗಳು ಹೆಸರು ನೋಂದಾಯಿಸಿದರು.

ಕಾರ್ಯವಿಧಾನ

ಪೈಲಟ್ಸ್ ಎನ್ ಪಾಸ್ ತಾನು ವಿಮಾನ ಓಡಿಸುವುದಿಲ್ಲ, ಆಶ್ರಯಧಾಮ ನಡೆಸುವುದೂ ಇಲ್ಲ. ನಾಯಿ ಕಳಿಸುವವರು, ಪಡೆಯುವವರು ಮತ್ತು ಪೈಲಟ್‌ಗಳು ಪರಸ್ಪರ ಸಂಪರ್ಕಿಸುವ ವೇದಿಕೆಯನ್ನಷ್ಟೇ ಅದು ಒದಗಿಸುತ್ತದೆ. ರಕ್ಷಣಾ ಸಂಘವೊಂದು ನಾಯಿಯ ತೂಕ, ಸ್ವಭಾವ, ಹೊರಡುವ ಮತ್ತು ತಲುಪುವ ಊರು ಇವನ್ನು ತಿಳಿಸುತ್ತದೆ. ಅನುಕೂಲವಿರುವ ಪೈಲಟ್ ಒಪ್ಪಿಕೊಳ್ಳುತ್ತಾರೆ. ದಾರಿ ದೀರ್ಘವಾದರೆ ಅದನ್ನು ಹಂತಗಳಾಗಿ ಒಡೆದು, ಒಬ್ಬ ಪೈಲಟ್ ಇಳಿಸಿದ ನಾಯಿಯನ್ನು ಅದೇ ನಿಲ್ದಾಣದಿಂದ ಇನ್ನೊಬ್ಬರು ಮುಂದಕ್ಕೆ ಒಯ್ಯುತ್ತಾರೆ. ಕೊನೆಯ ನಿಲ್ದಾಣದಲ್ಲಿ ದತ್ತು ಕುಟುಂಬವೋ ತಾತ್ಕಾಲಿಕ ಪೋಷಕರೋ ಕಾದಿರುತ್ತಾರೆ.

ಅಟ್ಲಾಂಟದಿಂದ ನ್ಯೂಯಾರ್ಕ್‌ಗೆ ರಸ್ತೆಯಲ್ಲಿ ಸುಮಾರು 1,400 ಕಿ.ಮೀ. ವ್ಯಾನಿನಲ್ಲಿ ಹದಿಮೂರು-ಹದಿನಾಲ್ಕು ಗಂಟೆ ಬೇಕು. ಗಂಟೆಗೆ ಸುಮಾರು 220 ಕಿ.ಮೀ. ವೇಗದ ಸೆಸ್ನಾ 172 ವಿಮಾನ ನೇರ ದಾರಿಯಲ್ಲಿ ಆರು ಗಂಟೆಯೊಳಗಿನ ಹಾರಾಟದಲ್ಲಿ ಅಲ್ಲಿಗೆ ತಲುಪುತ್ತದೆ. ಗಾಯಗೊಂಡ, ಬೆದರಿದ ಅಥವಾ ಇನ್ನೂ ಪೂರ್ತಿ ಲಸಿಕೆಯಾಗದ ಮರಿಗಳಿಗೆ ಈ ವ್ಯತ್ಯಾಸ ದೊಡ್ಡದು. ಅಮೆರಿಕದಾದ್ಯಂತ ಹರಡಿರುವ ಸಾವಿರಾರು ಸಣ್ಣ ಸಾರ್ವಜನಿಕ ನಿಲ್ದಾಣಗಳೂ ಈ ಸೇವೆಗೆ ಆಧಾರ. ಪ್ರಯಾಣಿಕ ವಿಮಾನ ತಲುಪದ ಗ್ರಾಮೀಣ ಕೌಂಟಿಯ ಪಕ್ಕದಲ್ಲೂ ಇಳಿಯಲೊಂದು ಓಡುಪಥ ಸಾಮಾನ್ಯವಾಗಿ ಇರುತ್ತದೆ.

ವಿಮಾನದೊಳಗಿನ ಸಿದ್ಧತೆ

ನಾಲ್ಕು ಆಸನದ ವಿಮಾನದಲ್ಲಿ ತೂಕದ ಲೆಕ್ಕವೇ ಮೊದಲು. ಸೆಸ್ನಾ 172ರ ಎಸ್ ಮಾದರಿಯ ಗರಿಷ್ಠ ಮೇಲೇರುವ ತೂಕ 1,157 ಕಿ.ಗ್ರಾಂ. ವಿಮಾನದ ಸ್ವಂತ ತೂಕ ಮತ್ತು ತುಂಬಿದ ಇಂಧನವನ್ನು ಕಳೆದರೆ ಪೈಲಟ್, ನಾಯಿ, ಪಂಜರ ಎಲ್ಲಕ್ಕೂ ಸೇರಿ ಉಳಿಯುವುದು ಸುಮಾರು 250 ಕಿ.ಗ್ರಾಂ. ತೂಕ ಎಲ್ಲಿ ಕೂಡುತ್ತದೆ ಎಂಬುದೂ ಮುಖ್ಯ: ಕಟ್ಟದೆ ಬಿಟ್ಟ ದೊಡ್ಡ ನಾಯಿ ಹಿಂದಕ್ಕೆ ಸರಿದರೆ ವಿಮಾನದ ಸಮತೋಲ ಬದಲಾಗುತ್ತದೆ, ಮುಂದಕ್ಕೆ ನುಗ್ಗಿದರೆ ನಿಯಂತ್ರಣಕ್ಕೇ ಅಡ್ಡಿ. ಆದ್ದರಿಂದ ಹಿಂದಿನ ಆಸನಗಳನ್ನು ಕಳಚಿ ಪಂಜರಗಳನ್ನು ಬಿಗಿಯುತ್ತಾರೆ, ಇಲ್ಲವೇ ನಾಯಿಗೆ ಮೈಪಟ್ಟಿ ತೊಡಿಸಿ ಆಸನದ ಬೆಲ್ಟಿಗೆ ಕಟ್ಟುತ್ತಾರೆ.

ಈ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆಯಿಲ್ಲ. ಪೈಲಟ್‌ಗೆ ಆಮ್ಲಜನಕದ ಕೊಳವೆ ಇರಬಹುದು, ನಾಯಿಗಿರದು. ಹೀಗಾಗಿ ಸಾಧ್ಯವಾದಷ್ಟೂ 10,000 ಅಡಿಯೊಳಗೆ ಹಾರುವುದು ರೂಢಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೆ ಸೆಕೆಯೂ ತೆಳುಗಾಳಿಯೂ ಬೇಗ ಉಸಿರು ಕಟ್ಟಿಸುತ್ತವೆ. ಮಂಪರಿನ ಔಷಧ ರಕ್ತದೊತ್ತಡವನ್ನೂ ಮೈಶಾಖದ ನಿಯಂತ್ರಣವನ್ನೂ ಏರುಪೇರು ಮಾಡಬಲ್ಲದಾದ್ದರಿಂದ, ಪಶುವೈದ್ಯರು ವಿಮಾನಯಾನಕ್ಕೆ ಮುನ್ನ ಅದನ್ನು ಕೊಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಹುಪಾಲು ನಾಯಿಗಳು ಎಂಜಿನ್ನಿನ ಒಂದೇ ಸಮನಾದ ಮೊರೆತಕ್ಕೆ ಬೇಗ ನಿದ್ದೆಹೋಗುತ್ತವೆ ಎನ್ನುತ್ತಾರೆ ಪೈಲಟ್‌ಗಳು. ಕಿವಿಯ ರಕ್ಷಣೆಗೆ ನಾಯಿಗಳಿಗೆಂದೇ ತಯಾರಾದ ಕಿವಿಮುಚ್ಚಿಗಳೂ ಇವೆ.

ಕಾನೂನು ಮತ್ತು ಖರ್ಚು

ಖಾಸಗಿ ಪೈಲಟ್ ಪರವಾನಗಿ ಉಳ್ಳವರು ಹಾರಾಟಕ್ಕೆ ಸಂಭಾವನೆ ಪಡೆಯುವಂತಿಲ್ಲ ಎಂಬುದು ಅಮೆರಿಕದ ಒಕ್ಕೂಟ ವಿಮಾನಯಾನ ಆಡಳಿತದ (ಎಫ್‌ಎಎ) ನಿಯಮ. ರೋಗಿಗಳನ್ನೋ ಕಸಿ ಮಾಡುವ ಅಂಗಾಂಗಗಳನ್ನೋ ಸಾಗಿಸುವ ಸ್ವಯಂಸೇವಕರಿಗೆ ಇಂಧನದ ಹಣ ಮರಳಿಸಲು 2012ರ ಕಾಯ್ದೆ ಅವಕಾಶ ಕೊಟ್ಟಿತು. ನಾಯಿಗಳ ಸಾಗಣೆ ಆ ವಿನಾಯಿತಿಯಲ್ಲಿ ಸೇರಿಲ್ಲ. ಹೀಗಾಗಿ ಗಂಟೆಗೆ ಮೂವತ್ತು ಲೀಟರಿನಷ್ಟು ಕುಡಿಯುವ ಎಂಜಿನ್ನಿನ ಖರ್ಚು ಪೈಲಟ್‌ನದೇ. ನೋಂದಾಯಿತ ದತ್ತಿ ಸಂಸ್ಥೆಯ ಕೆಲಸಕ್ಕಾಗಿ ಹಾರಿದರೆ ಇಂಧನದ ವೆಚ್ಚವನ್ನು ದೇಣಿಗೆಯೆಂದು ತೋರಿಸಿ ಆದಾಯ ತೆರಿಗೆಯಲ್ಲಿ ಕಡಿತ ಪಡೆಯಬಹುದು.

ನಾಯಿಯ ಮಟ್ಟಿಗೆ, ರಾಜ್ಯದ ಗಡಿ ದಾಟಲು ಸಾಮಾನ್ಯವಾಗಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಮತ್ತು ವಯಸ್ಸಿಗೆ ತಕ್ಕಂತೆ ರೇಬೀಸ್ ಲಸಿಕೆ ಅಗತ್ಯ. ಹೊರರಾಜ್ಯದಿಂದ ತಂದ ಆಶ್ರಯಧಾಮದ ನಾಯಿಗಳನ್ನು 48 ಗಂಟೆ ಪ್ರತ್ಯೇಕವಾಗಿಡಬೇಕೆಂಬ ನಿಯಮ ಮ್ಯಾಸಚೂಸೆಟ್ಸ್‌ನಲ್ಲಿದೆ.

ಇತರ ಸಂಸ್ಥೆಗಳು

ಕ್ಯಾಲಿಫೋರ್ನಿಯದಲ್ಲಿ 2009ರಲ್ಲಿ ಹುಟ್ಟಿದ ವಿಂಗ್ಸ್ ಆಫ್ ರೆಸ್ಕ್ಯೂ ದೊಡ್ಡ ವಿಮಾನಗಳಲ್ಲಿ ಡಜನ್‌ಗಟ್ಟಲೆ ಪ್ರಾಣಿಗಳನ್ನು ಒಮ್ಮೆಗೇ ಸಾಗಿಸುವ ದಾರಿ ಹಿಡಿಯಿತು. 2017ರ ಚಂಡಮಾರುತಗಳ ಸಮಯದಲ್ಲಿ ಅದರ ವಿಮಾನಗಳು ಪರಿಹಾರ ಸಾಮಗ್ರಿ ಹೊತ್ತು ಹೋಗಿ ಪ್ರಾಣಿಗಳನ್ನು ಹೊತ್ತು ಮರಳಿದವು. ಗ್ರೇಟರ್ ಗುಡ್ ಚಾರಿಟೀಸ್ ಎಂಬ ಸಂಸ್ಥೆಯ ಜೊತೆಗೂಡಿ 2020ರ ಅಕ್ಟೋಬರ್‌ನಲ್ಲಿ ಅದು ಹವಾಯಿ ದ್ವೀಪಗಳಿಂದ 600ಕ್ಕೂ ಹೆಚ್ಚು ನಾಯಿ-ಬೆಕ್ಕುಗಳನ್ನು ಹರ್ಕ್ಯುಲಿಸ್ ಸರಕು ವಿಮಾನದಲ್ಲಿ ಸಿಯಾಟಲ್‌ಗೆ ತಂದಿತು. ವಯೋಮಿಂಗ್‌ನ ಮೂಳೆತಜ್ಞ ಡಾ. ಪೀಟರ್ ರೋರ್ಕ್ 2012ರಲ್ಲಿ ಸ್ಥಾಪಿಸಿದ ಡಾಗ್ ಈಸ್ ಮೈ ಕೋಪೈಲಟ್ ಪಶ್ಚಿಮದ ರಾಜ್ಯಗಳಲ್ಲಿ ಸೆಸ್ನಾ ಕ್ಯಾರವಾನ್ ವಿಮಾನ ಬಳಸುತ್ತದೆ.

ಅಪಘಾತಗಳು

2024ರ ನವೆಂಬರ್ 24ರಂದು ಮೂರು ನಾಯಿಗಳನ್ನು ಹೊತ್ತು ಮೇರಿಲ್ಯಾಂಡ್‌ನಿಂದ ಆಲ್ಬನಿಗೆ ಹೊರಟಿದ್ದ ಸಣ್ಣ ವಿಮಾನ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಬಿದ್ದು ಸ್ವಯಂಸೇವಕ ಪೈಲಟ್ ಮತ್ತು ಒಂದು ನಾಯಿ ಮೃತಪಟ್ಟರು. ಉಳಿದೆರಡು ನಾಯಿಗಳು ಬದುಕಿದವು. ಇದಕ್ಕೆ ಎರಡು ವರ್ಷ ಮೊದಲು, 2022ರ ನವೆಂಬರ್‌ನಲ್ಲಿ, ಲೂಯಿಸಿಯಾನದಿಂದ 53 ನಾಯಿಗಳನ್ನು ತರುತ್ತಿದ್ದ ಅವಳಿ ಎಂಜಿನ್ನಿನ ವಿಮಾನ ವಿಸ್ಕಾನ್ಸಿನ್‌ನ ಗಾಲ್ಫ್ ಮೈದಾನವೊಂದರಲ್ಲಿ ಇಳಿದು ಜಖಂಗೊಂಡರೂ ಮೂವರು ಮನುಷ್ಯರೂ ಎಲ್ಲ ನಾಯಿಗಳೂ ಪಾರಾಗಿದ್ದರು. ಹೊತ್ತಿಗೆ ಸರಿಯಾಗಿ ನಾಯಿ ತಲುಪಿಸಬೇಕೆಂಬ ತವಕದಲ್ಲಿ ಕೆಟ್ಟ ಹವೆಯನ್ನು ಕಡೆಗಣಿಸಬಾರದೆಂಬುದು ಈ ವಲಯದ ಪೈಲಟ್‌ಗಳಿಗೆ ಮತ್ತೆ ಮತ್ತೆ ಕೊಡುವ ಎಚ್ಚರಿಕೆ.

ಭಾರತದ ಸಂದರ್ಭ

ಭಾರತದಲ್ಲಿ ನಾಯಿಗಳ ಸಮಸ್ಯೆ ಆಶ್ರಯಧಾಮದ್ದಕ್ಕಿಂತ ಹೆಚ್ಚಾಗಿ ಬೀದಿಯದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗೆ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿ ಹಿಡಿದ ಜಾಗದಲ್ಲೇ ಬಿಡುವ ತತ್ವವನ್ನು ಆಧರಿಸಿವೆ; ದೂರದೂರಿಗೆ ಸಾಗಿಸುವ ಯೋಚನೆ ಅವುಗಳಲ್ಲಿಲ್ಲ. ಆದರೆ ರಕ್ಷಿಸಿದ ಭಾರತೀಯ ನಾಯಿಗಳು ಉತ್ತರ ಅಮೆರಿಕದ ಮನೆಗಳಿಗೆ ಹೋಗುವುದುಂಟು. ಅಲ್ಲಿಗೆ ಪ್ರಯಾಣ ಬೆಳೆಸುವ ಸಾಮಾನ್ಯ ಪ್ರಯಾಣಿಕರು ತಮ್ಮ ಟಿಕೆಟ್ಟಿನ ಜೊತೆ ಅವನ್ನು ಒಯ್ಯುತ್ತಾರೆ. ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ನಾಯಿಗಳಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಜುಲೈನಲ್ಲಿ ತಡೆ ಹಾಕಿತು, ಆ ಪಟ್ಟಿಯಲ್ಲಿ ಭಾರತವೂ ಇತ್ತು. 2024ರ ಆಗಸ್ಟ್ 1ರಿಂದ ಜಾರಿಯಾದ ನಿಯಮದ ಪ್ರಕಾರ ಅಮೆರಿಕಕ್ಕೆ ಬರುವ ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಮೈಕ್ರೋಚಿಪ್ ಇರಬೇಕು; ಅಪಾಯದ ದೇಶಗಳಿಂದ ಬಂದರೆ ಲಸಿಕೆಯ ದಾಖಲೆಗಳೂ ಬೇಕು.

ಟೀಕೆ ಮತ್ತು ಮೌಲ್ಯಮಾಪನ

ಮುಖ್ಯ ಆಕ್ಷೇಪ ಮೂರು. ಒಂದು, ರೋಗಹರಡುವಿಕೆ: ಸೊಳ್ಳೆಯಿಂದ ಬರುವ ಹೃದಯಜಂತು ರೋಗ ದಕ್ಷಿಣದಲ್ಲಿ ಸಾಮಾನ್ಯ, ಸೋಂಕಿತ ನಾಯಿಗಳು ಅದನ್ನು ಉತ್ತರಕ್ಕೂ ಒಯ್ಯುತ್ತವೆ. ಎರಡು, ತಲುಪುವ ಊರಿನ ನಾಯಿಗಳ ಅವಕಾಶ ಕಡಿಮೆಯಾಗುತ್ತದೆ. 2021ರ ನಂತರ ದತ್ತು ನಿಧಾನವಾಗಿ, ಉತ್ತರದ ಆಶ್ರಯಧಾಮಗಳಲ್ಲೂ ದೊಡ್ಡ ನಾಯಿಗಳು ತಿಂಗಳುಗಟ್ಟಲೆ ಉಳಿಯತೊಡಗಿದ ಮೇಲೆ ಈ ಮಾತಿಗೆ ಬಲ ಬಂದಿದೆ. ಮೂರು, ನಾಯಿಗಳನ್ನು ಬೇರೆಯವರು ಒಯ್ಯುತ್ತಾರೆಂಬ ಭರವಸೆಯಲ್ಲಿ ಮೂಲ ಕೌಂಟಿಗಳು ತಮ್ಮ ಹೊಣೆ ಮರೆಯಬಹುದು.

ದೇಶದೊಳಗೆ ಸ್ಥಳಾಂತರಗೊಳ್ಳುವ ನಾಯಿಗಳಲ್ಲಿ ಬಹುಪಾಲು ಈಗಲೂ ಲಾರಿ, ವ್ಯಾನುಗಳಲ್ಲೇ ಹೋಗುತ್ತವೆ. ಸಣ್ಣ ವಿಮಾನದ ಪಾಲು ಸಂಖ್ಯೆಯಲ್ಲಿ ಚಿಕ್ಕದಾದರೂ ತುರ್ತು ಸಂದರ್ಭಕ್ಕೆ ಮತ್ತು ರಸ್ತೆಯ ಪ್ರಯಾಣ ತಡೆಯಲಾರದ ಪ್ರಾಣಿಗಳಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ಒಂದು ನಾಯಿ ಹೊರಟ ಪಂಜರಕ್ಕೆ ಮರುದಿನವೇ ಇನ್ನೊಂದು ಬರುವುದನ್ನು ವಿಮಾನ ತಡೆಯದು. ತಡೆಯುವುದು ಸಂತಾನಹರಣ ಚಿಕಿತ್ಸೆ ಮಾತ್ರ. ನಾಯಿ ಪಡೆಯುವ ಕೆಲವು ಸಂಘಗಳು ಮೂಲ ಆಶ್ರಯಧಾಮದ ಚಿಕಿತ್ಸಾಲಯಕ್ಕೆ ಹಣ ಕೊಡುತ್ತಿರುವುದೂ, ಗ್ರೇಟರ್ ಗುಡ್ ಚಾರಿಟೀಸ್‌ನಂಥ ಸಂಸ್ಥೆಗಳು ವಿಮಾನ ಸಾಗಣೆಯ ಜೊತೆಯಲ್ಲೇ ಉಚಿತ ಸಂತಾನಹರಣ ಶಿಬಿರ ನಡೆಸುತ್ತಿರುವುದೂ ಇದೇ ಕಾರಣಕ್ಕೆ.