ಕಲ್ಮಷಜಲದ ಶುದ್ಧಿ: ಬೆಂಗಳೂರಿನ ಒಂದು ಶೋಧನೆಯ ಚರಿತ್ರೆ

ಅರ್ಕಾವತಿಯು ನಂದಿಗಿರಿಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಸೀಮೆಯನ್ನು ಹಾದು, ಹೆಸರುಘಟ್ಟದ ಕಡೆಗೆ ಇಳಿಯುವ ನದಿ. 1896ರಲ್ಲಿ ಬೆಂಗಳೂರಿಗೆ ಕೊಳಾಯಿಯ ನೀರು ಬಂದುದು ಈ ನದಿಯ ಹೆಸರುಘಟ್ಟದ ಕೆರೆಯಿಂದಲೇ. ಈಚಿನ ವರ್ಷಗಳಲ್ಲಾದರೋ ಅದೇ ಸೀಮೆಯ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಊರಿನ ಕೊಳಚೆಯೂ ಕಾರ್ಖಾನೆಗಳ ನೀರೂ ಸೇರಿ, ಗ್ರಾಮಸ್ಥರು ಮೊರೆಯಿಡುವಂತಾಯಿತು. ಕೆಟ್ಟ ನೀರು ಮರಳಿ ಶುದ್ಧವಾಗುವುದು ಯಾವ ಬಗೆಯಿಂದ? ಈ ಪ್ರಶ್ನೆಯನ್ನು ಆಳವಾಗಿ ವಿಚಾರಮಾಡಿದವರು ಬೆಂಗಳೂರಿನಲ್ಲಿಯೇ ಇದ್ದರೆಂಬುದನ್ನು ವಾಚಕರು ಅರಿಯುವುದುಚಿತ.

1914ರಲ್ಲಿ ಮ್ಯಾಂಚೆಸ್ಟರ್ ನಗರದ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಗಿಲ್ಬರ್ಟ್ ಫೌಲರ್ ಎಂಬ ಪಂಡಿತರ ಪ್ರೇರಣೆಯಿಂದ ಒಂದು ಪರೀಕ್ಷೆಯನ್ನು ನಡೆಸಿ ಪ್ರಕಟಿಸಿದರು. ಕೊಳಚೆಗೆ ಗಾಳಿಯನ್ನು ಹಾಯಿಸಿ, ತಳದಲ್ಲಿ ನಿಂತ ಕೆಸರನ್ನು ಚೆಲ್ಲದೆ, ಹೊಸ ಕೊಳಚೆಯನ್ನು ಅದರ ಮೇಲೆಯೇ ತುಂಬುತ್ತ ಹೋದರು. ವಾರಗಟ್ಟಲೆ ಹಿಡಿಯುತ್ತಿದ್ದ ಶುದ್ಧಿಯು ಕಡೆಗೆ ಒಂದು ದಿನದೊಳಗೆ ಮುಗಿಯಿತು. ಹಾಲಿಗೆ ಹೆಪ್ಪು ಹೇಗೋ ಕೊಳಚೆಗೆ ಈ ಕೆಸರು ಹಾಗೆ. 1916ರಲ್ಲಿ ಫೌಲರ್ ಅವರು, ಜನರು ತಾತಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು. ಅವರೊಡನೆ ಈ ವಿದ್ಯೆಯೂ ಬೆಂಗಳೂರಿಗೆ ಬಂದಿತು.

ಆ ಕೆಸರಿನಲ್ಲಿ ದುಡಿಯುವ ಜೀವಿಗಳಾವುವು? ಸಕಲವೂ ಬ್ಯಾಕ್ಟೀರಿಯಾಗಳ ಕಾರ್ಯವೆಂದೇ ಬಹುಮಂದಿ ಪಂಡಿತರು ಎಣಿಸಿದ್ದರು. ಅದೇ ಮಂದಿರದ ವಿ. ಸುಬ್ರಹ್ಮಣ್ಯನ್ ಅವರೂ ಎಸ್. ಸಿ. ಪಿಳ್ಳೈ ಅವರೂ 1942ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೇರೊಂದು ಮತವನ್ನು ಮುಂದಿಟ್ಟರು. ಬ್ಯಾಕ್ಟೀರಿಯಾಗಳಿಗಿಂತ ದೊಡ್ಡವಾದ, ಆದರೂ ಬರಿಗಣ್ಣಿಗೆ ಸುಲಭವಾಗಿ ಕಾಣದ ಪ್ರೋಟೋಜೋವಾಗಳು, ವಿಶೇಷವಾಗಿ ಎಪಿಸ್ಟೈಲಿಸ್ ಎಂಬ ಜಾತಿ, ಈ ಶುದ್ಧಿಗೆ ಮುಖ್ಯ ಕಾರಣವೆಂಬುದು ಅವರ ಸಿದ್ಧಾಂತ. ಈ ಪ್ರಾಣಿಯು ಕಾಂಡದ ತುದಿಯಲ್ಲಿ ಗಂಟೆಯಂತೆ ನಿಂತು, ಬಾಯಿಯ ಸುತ್ತಣ ರೋಮಗಳನ್ನಾಡಿಸಿ ನೀರನ್ನು ಸೆಳೆದು, ತೇಲುವ ಸೂಕ್ಷ್ಮಕಣಗಳನ್ನು ನುಂಗುವುದು.

ಮುಂದಿನ ಶೋಧನೆಗಳು ಈ ಮತವನ್ನು ಪೂರ್ಣವಾಗಿ ಅಂಗೀಕರಿಸಲಿಲ್ಲ, ನಿರಾಕರಿಸಲೂ ಇಲ್ಲ. ಕರಗಿದ ಕಲ್ಮಷವನ್ನು ಜೀರ್ಣಿಸುವ ಮುಖ್ಯಕಾರ್ಯವು ಬ್ಯಾಕ್ಟೀರಿಯಾಗಳದೇ ಎಂದು ಸ್ಥಿರಪಟ್ಟಿತು. ಆದರೆ 1968ರಲ್ಲಿ ಇಂಗ್ಲೆಂಡಿನಲ್ಲಿ ಕರ್ಡ್ಸ್ ಮೊದಲಾದವರು ಪರೀಕ್ಷಿಸಿದಾಗ, ಪ್ರೋಟೋಜೋವಾಗಳಿಲ್ಲದ ಕಡೆ ನೀರು ಕದಡಿಯೇ ಉಳಿಯಿತು. ಅವುಗಳನ್ನು ಸೇರಿಸಿದೊಡನೆ ತಿಳಿಯಾಯಿತು. ಒಂದು ಕಲ್ಮಷವನ್ನು ತಿಂದು ಬೆಳೆಯುವುದು. ಮತ್ತೊಂದು, ಚದುರಿ ತೇಲುವ ಅದನ್ನೇ ತಿಂದು ನೀರನ್ನು ತಿಳಿಗೊಳಿಸುವುದು. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮಾತ್ಸ್ಯನ್ಯಾಯವನ್ನು ನೀತಿಶಾಸ್ತ್ರಕಾರರು ಅರಾಜಕತೆಯ ಲಕ್ಷಣವೆಂದರು. ಜಲದೊಳಗಿನ ಈ ರಾಜ್ಯದಲ್ಲಿ ಅದೇ ನ್ಯಾಯವು ಲೋಕೋಪಕಾರಕ್ಕೆ ಸಾಧನವಾಗಿದೆ.

ಸುಬ್ರಹ್ಮಣ್ಯನ್ ಅವರು ತರುವಾಯ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದ ಪ್ರಥಮ ನಿರ್ದೇಶಕರಾದರು. ಆಹಾರಶಾಸ್ತ್ರದಲ್ಲಿ ಅವರ ಕೀರ್ತಿ ನಿಂತಿತು. ಕೊಳಚೆಯ ಕುರಿತ ಶ್ರಮವನ್ನು ಜನರು ನೆನೆಯುವುದು ವಿರಳ.

ಆ ಶ್ರಮದ ಫಲವಾದರೋ ನಮ್ಮ ಕೆರೆಗಳಿಗೆ ನೇರವಾಗಿ ಸಂಬಂಧಿಸಿದುದು. ಈ ಜೀವಿಗಳಿಗೆ ಗಾಳಿ ಬೇಕು, ಕಾಲಾವಕಾಶ ಬೇಕು. ಮಿತಿಮೀರಿ ಕೊಳಚೆ ಸುರಿದರೆ ನೀರಿನೊಳಗಣ ಪ್ರಾಣವಾಯು ತೀರುವುದು. ಕಾರ್ಖಾನೆಯ ವಿಷ ಸೇರಿದರೆ ಪ್ರೋಟೋಜೋವಾಗಳು ಬೇಗನೆ ಅಳಿಯುವುವು. ಆದಕಾರಣ ಶುದ್ಧಿಯ ಕೆಲಸವು ಕೆರೆಯನ್ನು ಸೇರುವುದಕ್ಕೆ ಮೊದಲೇ, ಶುದ್ಧೀಕರಣದ ತೊಟ್ಟಿಗಳಲ್ಲಿ, ಮುಗಿಯತಕ್ಕದ್ದು. ಕೆರೆಯನ್ನೇ ತೊಟ್ಟಿಯನ್ನಾಗಿ ಮಾಡಿಕೊಂಡ ಊರಿಗೆ ಈ ಸೂಕ್ಷ್ಮಜೀವಿಗಳೂ ನೆರವಾಗಲಾರವು.