ಕಾಬಾಳೆಯ ತವರು

ನಮ್ಮ ಹಿತ್ತಿಲಲ್ಲಿ ಬಚ್ಚಲ ನೀರು ಹರಿಯುವೆಡೆ ಬೆಳೆದ ಕಾಬಾಳೆಯನ್ನು ಅಪ್ಪಟ ದೇಶೀಯ ಗಿಡವೆಂದೇ ನಾನು ಬಹುಕಾಲ ನಂಬಿದ್ದೆ. 1753ರಲ್ಲಿ ಲಿನೇಯಸ್ ಇಟ್ಟ ‘ಕ್ಯಾನಾ ಇಂಡಿಕಾ’ ಎಂಬ ಹೆಸರೂ ಆ ನಂಬಿಕೆಗೆ ಇಂಬಾಯಿತು. ಆದರೆ ಅದರ ತವರು ಅಮೆರಿಕದ ಉಷ್ಣವಲಯ. ಹೆಸರಿನಲ್ಲಿರುವ ‘ಇಂಡಿಯಾ’ ಕೊಲಂಬಸ್ ಭ್ರಮಿಸಿದ ಇಂಡೀಸ್.

ಯುರೋಪಿನ ತೋಟಗಾರರು ಮೊದಮೊದಲು ಮೆಚ್ಚಿದ್ದು ಬಾಳೆಯಂಥ ಎಲೆಗಳನ್ನು, ಹೂವನ್ನಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಲಿಯೋನ್ ನಗರದ ಕ್ರೋಜಿ ಎಂಬವರು ತಳಿಸಂಕರದಿಂದ ಗಿಡವನ್ನು ಗಿಡ್ಡವಾಗಿಸಿ ಹೂವನ್ನು ಹಿರಿದಾಗಿಸಿದರು. ಸಾರ್ವಜನಿಕ ಉದ್ಯಾನಗಳ ಪಾತಿಗಳಲ್ಲಿ ನಡುವಿನ ಸ್ಥಾನ ಕಾಬಾಳೆಗೆ, ಅಂಚಿನದು ಕಿರುಗಿಡಗಳಿಗೆ ಎಂಬುದು ರೂಢಿಯಾಯಿತು.

ಹೆಸರಿನ ತಪ್ಪನ್ನು ತಿದ್ದುವ ಹಂಬಲ ನನಗಿಲ್ಲ. ಗೆಡ್ಡೆಯ ರೂಪದಲ್ಲಿ ನೆರೆಯಿಂದ ನೆರೆಗೆ ದಾಟುತ್ತ ನಮ್ಮ ಹಿತ್ತಿಲು ಸೇರಿದ ಗಿಡವನ್ನು ಪರದೇಶಿಯೆನ್ನಲು ಮನಸ್ಸು ಬಾರದು.