ಉಪ್ಪು ಹತ್ತಿಬಂದ ದಾರಿ

ಕಾಕತಿಯ ಗುಡ್ಡ ಹತ್ತಲು ಹೆಚ್ಚು ಹೊತ್ತು ಬೇಕಿಲ್ಲ. ಕಿತ್ತೂರು ರಾಣಿ ಚೆನ್ನಮ್ಮ 1778ರಲ್ಲಿ ಹುಟ್ಟಿದ ಊರು ಇದು. ಮೇಲೆ ಪುಟ್ಟದೊಂದು ಹಾಳುಕೋಟೆ, ಕೆಳಗೆ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ಸಾಲು. ಇದನ್ನು ಚಾರಣವೆಂದು ಕರೆದರೆ ನಿಜವಾದ ಚಾರಣಿಗರು ನಕ್ಕಾರು. ಆದರೆ ಮಳೆ ಹೊರಪಾದ ಮುಂಜಾನೆ ಅಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿದರೆ ದೂರದಲ್ಲಿ ನೀಲಿಗಟ್ಟಿದ ಬೆಟ್ಟಗಳು ಕಾಣುತ್ತವೆ. ಇನ್ನೂ ಮುಂದೆ ಹೋದರೆ ನೆಲ ಥಟ್ಟನೆ ಕುಸಿದು ಕೊಂಕಣವಾಗುತ್ತದೆ. ಶನಿವಾರ ರಾತ್ರಿ ಬುತ್ತಿ ಕಟ್ಟಿಟ್ಟು, ರವಿವಾರ ನಸುಕಿನಲ್ಲಿ ಬೆಳಗಾವಿ ಬಿಟ್ಟು, ಕತ್ತಲಾಗುವುದರೊಳಗೆ ಮರಳುವ ಯುವಕ ಯುವತಿಯರ ಗುಂಪುಗಳು ಹೊರಡುವುದು ಆ ದಿಕ್ಕಿಗೇ. ಅವರು ತುಳಿಯುವ ದಾರಿಗಳನ್ನು ಮೊದಲು ತುಳಿದವರು ಯಾರು?

ಉತ್ತರ ‘ಘಟ್ಟ’ ಎಂಬ ಮಾತಿನಲ್ಲೇ ಇದೆ. ಇಂದು ನಾವು ಘಟ್ಟವೆಂದರೆ ಬೆಟ್ಟ ಎನ್ನುತ್ತೇವೆ. ಆದರೆ ಚೋರ್ಲಾ ಘಾಟ್, ರಾಮಘಾಟ್, ಅಂಬೋಲಿ ಘಾಟ್ ಎಂಬ ಹೆಸರುಗಳನ್ನು ಗಮನಿಸಿ. ಅವು ಬೆಟ್ಟದ ಹೆಸರುಗಳಲ್ಲ, ಬೆಟ್ಟ ಏರಿ ಇಳಿಯುವ ದಾರಿಗಳ ಹೆಸರುಗಳು. ಕರಾವಳಿಗೆ ಬಂದಿಳಿದ ಯುರೋಪಿಯನ್ನರು ಈ ದಾರಿಗಳ ಹೆಸರನ್ನೇ ಇಡೀ ಪರ್ವತಶ್ರೇಣಿಗೆ ಅಂಟಿಸಿದರು. ಸಹ್ಯಾದ್ರಿ ‘ಪಶ್ಚಿಮ ಘಟ್ಟ’ವಾದದ್ದು ಹೀಗೆ. ಕಾಲುದಾರಿಯೇ ಪರ್ವತಕ್ಕೆ ಹೆಸರು ಕೊಟ್ಟ ಉದಾಹರಣೆ ಬೇರೆಡೆ ಎಷ್ಟಿದೆಯೋ!

ಈ ದಾರಿಗಳ ಬೆಲೆ ಅರಸರಿಗೂ ಗೊತ್ತಿತ್ತು. ಖಾನಾಪುರ ತಾಲ್ಲೂಕಿನ ಹಲಸಿ ಬನವಾಸಿ ಕದಂಬರ ಕಾಲದಲ್ಲೇ ಪಲಾಶಿಕವೆಂದು ಹೆಸರಾಗಿತ್ತು. ಮುಂದೆ ಗೋವೆಯ ಕದಂಬರು ಕೊಂಕಣ 900 ಮತ್ತು ಪಲಸಿಗೆ 12000 ಎಂಬ ಎರಡು ನಾಡುಗಳನ್ನು ಕೂಡಿಸಿ ಆಳಿದರು. ಒಂದು ಘಟ್ಟದ ಕೆಳಗೆ, ಇನ್ನೊಂದು ಮೇಲೆ. ನಡುವಿನ ಕಡಿದಾದ ಕಾಡು ಅವರಿಗೆ ಗಡಿಯಾಗಿರಲಿಲ್ಲ, ರಾಜ್ಯದ ಬೆನ್ನೆಲುಬಾಗಿತ್ತು. ಹಲಸಿಯ ಭೂವರಾಹ ನರಸಿಂಹ ಗುಡಿಯನ್ನು ನೋಡಿ ಬಂದವರು, ಅನಮೋಡ ಘಟ್ಟದ ಬುಡದಲ್ಲಿರುವ ತಾಂಬ್ಡಿ ಸುರ್ಲಾದ ಮಹಾದೇವ ಗುಡಿಯನ್ನೂ ನೋಡಬೇಕು. ಗೋವೆಯ ಕಾಡಿನಲ್ಲಿ ಕುಳಿತ ಆ ಕಪ್ಪು ಕಲ್ಲಿನ ಗುಡಿ ಅಪ್ಪಟ ನಮ್ಮ ಬಯಲುಸೀಮೆಯ ಕೈಕೆಲಸದಂತೆ ಕಾಣುತ್ತದೆ. ಅದರ ಕಲ್ಲನ್ನೂ ಘಟ್ಟದ ಮೇಲಿನಿಂದಲೇ ಇಳಿಸಿದರೆಂದು ಹೇಳುತ್ತಾರೆ.

ಅರಸರು ಬದಲಾದರು, ಹೊರೆ ಬದಲಾಗಲಿಲ್ಲ. ಹೊರೆ ಎಂದರೆ ಮುಖ್ಯವಾಗಿ ಉಪ್ಪು. ಬಯಲುಸೀಮೆಯಲ್ಲಿ ಜೋಳ ಬೆಳೆಯುತ್ತದೆ, ಹತ್ತಿ ಬೆಳೆಯುತ್ತದೆ. ಉಪ್ಪಿಗೆ ಕಡಲೇ ಗತಿ. ದೀಪಾವಳಿ ಕಳೆದು ನೆಲ ಗಟ್ಟಿಯಾದ ಮೇಲೆ ಲಮಾಣಿಗಳ ಹೇರಿನ ಎತ್ತುಗಳು ಧಾನ್ಯ, ಹತ್ತಿ ಹೊತ್ತು ಘಟ್ಟ ಇಳಿಯುತ್ತಿದ್ದವು. ಉಪ್ಪು, ತೆಂಗಿನಕಾಯಿ, ಒಣಮೀನು ಹೊತ್ತು ಹತ್ತುತ್ತಿದ್ದವು. ಗಾಡಿ ಹೋಗದ ಕಡಿದಿನಲ್ಲಿ ಎತ್ತಿನ ಬೆನ್ನೇ ಗಾಡಿ. ಮುಂಗಾರು ಹಿಡಿಯುವುದರೊಳಗೆ ಎಲ್ಲ ಮುಗಿಯಬೇಕು. ಮಳೆಗಾಲದಲ್ಲಿ ಕಣಕುಂಬಿಯ ಕಡೆ ಹೋಗಿ ಬಂದವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗಾವಿಯನ್ನು ವೆಂಗುರ್ಲಾ ಬಂದರಿನ ಕಡೆಗೆ ಜೋಡಿಸಿದ್ದ ರಾಮಘಾಟ್ ಇಂಥದೇ ಹಳೆಯ ದಾರಿ. ಇಂದು ಹಿಂಡಲಗಾ ಭಾಗದ ‘ರಾಮಘಾಟ್ ರೋಡ್’ ಎಂಬ ಫಲಕದಡಿ ದಿನವೂ ಸಾವಿರಾರು ಸ್ಕೂಟರುಗಳು ಹಾಯುತ್ತವೆ. ಆ ರಸ್ತೆ ಹಿಂದೆ ಎಲ್ಲಿಗೆ ಹೋಗುತ್ತಿತ್ತು ಎಂದು ಕೇಳುವವರು ಕಡಿಮೆ. ವರದಿಗೆಂದು ಹತ್ತಾರು ಸಲ ಅಲ್ಲಿ ಓಡಾಡಿದ ನಾನೂ ಬಹಳ ದಿನ ಕೇಳಿರಲಿಲ್ಲ.

ಈ ದಾರಿಗಳಿಗೆ ಪೆಟ್ಟು ಬಿದ್ದದ್ದು ಕಾಡಿನಲ್ಲಲ್ಲ, ಲಿಸ್ಬನ್ನಿನಲ್ಲಿ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಂದು ಒಪ್ಪಂದ ಮಾಡಿಕೊಂಡರು. ಅದರಂತೆ ಗೋವೆಯ ಉಪ್ಪಿನ ತಯಾರಿಕೆಯ ಹಿಡಿತ ಬ್ರಿಟಿಷರ ಕೈಸೇರಿತು. ಮುರಗಾಂವ್ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲು ಹಾಕುವುದೂ ಆಗಲೇ ನಿಶ್ಚಯವಾಯಿತು. ಒಂದೇ ಕಾಗದದಲ್ಲಿ ಹೊರೆಯೂ ಹೋಯಿತು, ಹೊರುವ ಕೆಲಸವೂ ಹೋಯಿತು. 1888ರಲ್ಲಿ ದೂಧಸಾಗರದ ಮಗ್ಗುಲಿನಿಂದ ಹಬೆಯುಗುಳುತ್ತ ರೈಲು ಕ್ಯಾಸಲ್‌ರಾಕ್ ಮುಟ್ಟಿತು. ಒಪ್ಪಂದವೇನೋ 1892ಕ್ಕೆ ರದ್ದಾಯಿತು, ರೈಲು ಉಳಿಯಿತು. ಎತ್ತುಗಳ ಗಂಟೆಯ ಸದ್ದು ಮಾತ್ರ ಹಿಂದಿನಂತೆ ಕೇಳಲಿಲ್ಲ.

ಯುರೋಪಿನ ಆಲ್ಪ್ಸ್ ಪರ್ವತದ ಕಥೆ ಶುರುವಾಗುವುದೂ ಹೀಗೆಯೇ. ಅಲ್ಲಿನ ಕಣಿವೆದಾರಿಗಳನ್ನು ಮಾಡಿದವರೂ ವ್ಯಾಪಾರಿಗಳು, ದನಗಾಹಿಗಳು, ಯಾತ್ರಿಕರು, ಸೈನಿಕರು. ನೆಪೋಲಿಯನ್ 1800ರಲ್ಲಿ ಸೈನ್ಯ ದಾಟಿಸಿದ ಸೇಂಟ್ ಬರ್ನಾರ್ಡ್ ಕಣಿವೆಯಲ್ಲಿ ಅದಕ್ಕೂ ಎಷ್ಟೋ ಶತಮಾನ ಮೊದಲೇ ಸನ್ಯಾಸಿಗಳು ದಾರಿಹೋಕರಿಗೆ ಛತ್ರ ನಡೆಸುತ್ತಿದ್ದರು. ಬೆಟ್ಟ ಹತ್ತುವುದು ಸಂತೋಷಕ್ಕೆ ಎಂಬ ಮಾತು ಬಲವಾದದ್ದು ಆಮೇಲೆ. ಲಂಡನ್ನಿನ ಆಲ್ಪೈನ್ ಕ್ಲಬ್ ಹುಟ್ಟಿದ್ದು 1857ರಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಕಾರುಗಳು ರಸ್ತೆಗಳನ್ನು ಆಕ್ರಮಿಸಿದಾಗ ಸ್ವಿಟ್ಜರ್ಲೆಂಡಿನವರು ಕಾಲುದಾರಿಗಳನ್ನು ಬಿಟ್ಟುಕೊಡಲಿಲ್ಲ. 1934ರಲ್ಲಿ ಅದಕ್ಕೆಂದೇ ದೇಶವ್ಯಾಪಿ ಸಂಘ ಕಟ್ಟಿ, ಹಳದಿ ಫಲಕ ನೆಡುತ್ತ ಹೋದರು. 1979ರಲ್ಲಿ ಜನಮತ ತೆಗೆದುಕೊಂಡು ಕಾಲುದಾರಿಗಳ ರಕ್ಷಣೆಯನ್ನು ಸಂವಿಧಾನದಲ್ಲೇ ಸೇರಿಸಿದರು. ಇಂದು ಆ ಪುಟ್ಟ ದೇಶದಲ್ಲಿ ಸುಮಾರು 65,000 ಕಿಲೋಮೀಟರ್ ನಡೆದಾರಿ ಇದೆ. ಫಲಕದ ಮೇಲೆ ಬರೆದಿರುವುದು ಮೈಲಿಯಲ್ಲ, ನಡೆಯಲು ಬೇಕಾಗುವ ಹೊತ್ತು. ನಮ್ಮ ಖಾನಾಪುರದ ಕಾಡಂಚಿನ ಹಿರಿಯರನ್ನು ದಾರಿ ಕೇಳಿ ನೋಡಿ, ‘ಹೊತ್ತೇರೂದರಾಗ ಮುಟ್ಟತೀರಿ’ ಎಂದು ಅವರೂ ಹೊತ್ತಿನಲ್ಲೇ ಅಳೆದು ಹೇಳುತ್ತಾರೆ. ಫಲಕವೊಂದಿಲ್ಲ, ಅಷ್ಟೇ.

ನಮ್ಮಲ್ಲಿ ಬೆಟ್ಟ ಹತ್ತುವ ಹುಮ್ಮಸ್ಸು ಇಂಗ್ಲಿಷರಿಂದ ಬಂದದ್ದೆಂದು ಮಾತ್ರ ಯಾರೂ ತಿಳಿಯಬೇಕಿಲ್ಲ. ದೀಪಾವಳಿಯಲ್ಲಿ ಬೆಳಗಾವಿಯ ಗಲ್ಲಿಗಲ್ಲಿಗಳಲ್ಲಿ ಮಕ್ಕಳು ಮಣ್ಣಿನ ಕಿಲ್ಲೆ ಕಟ್ಟುತ್ತಾರೆ. ಶಿವಜಯಂತಿಗೆ ತರುಣರು ಕೋಟೆಗಳಿಂದ ಜ್ಯೋತಿ ಹಿಡಿದು ಓಡುತ್ತ ಊರಿಗೆ ಬರುತ್ತಾರೆ. ಇಲ್ಲಿ ಶಿಖರದ ಮೇಲೆ ನೋಡಲು ಕೋಟೆ ಬೇಕು. ಆ ಕೋಟೆಗಳಲ್ಲಿ ಹೆಚ್ಚು ಕರೆಯುವುದು ಭೀಮಗಡ. ಪೋರ್ಚುಗೀಸರ ಮೇಲೆ ಕಣ್ಣಿಡಲು ಹದಿನೇಳನೆಯ ಶತಮಾನದಲ್ಲಿ ಶಿವಾಜಿ ಕಟ್ಟಿಸಿದ್ದೆನ್ನುವ ಈ ಗಡದ ಮಗ್ಗುಲುಗಳು ಗೋಡೆಯಂತೆ ಕಡಿದು. ಅದೇ ಕಾಡಿನ ಬಾರಾಪೇಡೆ ಗವಿಯಲ್ಲಿ ಸಿಕ್ಕ ಬಾವಲಿಯೊಂದನ್ನು 1913ರಲ್ಲಿ ವಿಜ್ಞಾನಿಗಳು ಹೊಸ ಜಾತಿಯೆಂದು ದಾಖಲಿಸಿದರು. ಬಹುಕಾಲ ಜಗತ್ತಿನಲ್ಲಿ ಅದರ ನೆಲೆಯೆಂದು ಗೊತ್ತಿದ್ದದ್ದು ಇದೊಂದೇ ಗವಿ. 2011ರ ಡಿಸೆಂಬರಿನಲ್ಲಿ ಸುಮಾರು 190 ಚದರ ಕಿಲೋಮೀಟರ್ ಕಾಡು ಭೀಮಗಡ ವನ್ಯಜೀವಿ ಧಾಮವಾಯಿತು.

ಅಲ್ಲಿಂದ ಚಾರಣಿಗನ ಕಾಲಿಗೆ ಕಾನೂನು ತೊಡರತೊಡಗಿತು. ಅದಕ್ಕೆ ಕಾರಣವೂ ಇಲ್ಲದಿಲ್ಲ. 2023ರ ಜುಲೈನಲ್ಲಿ ದೂಧಸಾಗರದ ರೈಲುಹಳಿಯ ಮೇಲೆ ನುಗ್ಗಿದ ಗುಂಪಿಗೆ ಪೊಲೀಸರು ಬಸ್ಕಿ ಹೊಡೆಸಿದ್ದನ್ನು ನಾಡೆಲ್ಲ ನೋಡಿತು. 2024ರ ಜನವರಿಯಲ್ಲಿ ಕುಮಾರಪರ್ವತದ ಜನಜಂಗುಳಿ ಕಂಡ ಮೇಲೆ, ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಕಡೆಗಳಲ್ಲಿ ಸರ್ಕಾರ ಚಾರಣವನ್ನೇ ನಿಲ್ಲಿಸಿತು. ಅದೇ ವರ್ಷ ಆನ್‌ಲೈನ್ ನೋಂದಣಿಗೆ ಹೊಸ ಏರ್ಪಾಡೂ ಬಂತು. ಪ್ಲಾಸ್ಟಿಕ್ ಚೀಲ ಹೆಕ್ಕಿ ಸುಸ್ತಾದ ಅರಣ್ಯ ಸಿಬ್ಬಂದಿಯನ್ನು ನೋಡಿದ ನನಗೆ ಈ ಬಿಗಿ ಅತಿಯೆನಿಸುವುದಿಲ್ಲ.

ನೋಂದಣಿ ಇಲ್ಲದೆ, ಬೂಟೂ ಇಲ್ಲದೆ ಈ ದಾರಿಗಳಲ್ಲಿ ಇಂದಿಗೂ ನಡೆಯುವವರು ಬೇರೆಯೇ ಇದ್ದಾರೆ. ಗವಳಿ, ಪಾಸ್ತೋಳಿ, ಕೊಂಗಳ, ಕೃಷ್ಣಾಪುರ, ಅಮಗಾಂವ್, ತಳೇವಾಡಿ ಕಾಡಿನೊಳಗಿನ ಹಳ್ಳಿಗಳು. ರೇಷನ್ನಿಗೆ, ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ನಡಿಗೆಯೇ ಆಧಾರವಾಗಿ ಬಂದವರು ಇಲ್ಲಿನ ಜನ. 2024ರ ಜುಲೈನಲ್ಲಿ ಅಮಗಾಂವ್‌ನ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಕಟ್ಟಿಗೆಯ ಚಟ್ಟದ ಮೇಲೆ ಮಲಗಿಸಿ, ಸುರಿವ ಮಳೆಯಲ್ಲಿ ಕಿಲೋಮೀಟರುಗಟ್ಟಲೆ ಹೆಗಲ ಮೇಲೆ ಹೊತ್ತು ಆಂಬುಲೆನ್ಸಿನವರೆಗೆ ತಂದರು. ಒಬ್ಬರಿಗೆ ರವಿವಾರದ ಸಂತೋಷವಾದ ಕಾಲುದಾರಿ ಇನ್ನೊಬ್ಬರಿಗೆ ಹೀಗಿರುತ್ತದೆ.

ಆ ಘಟನೆಯ ಬಳಿಕ ಸ್ಥಳಾಂತರದ ಮಾತು ಚುರುಕಾಯಿತು. ಕಾಡು ಬಿಟ್ಟು ಬರುವ ಕುಟುಂಬಕ್ಕೆ 15 ಲಕ್ಷ ರೂಪಾಯಿ ಎಂದು ಸರ್ಕಾರ ಹೇಳಿತು. 2025ರಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತಿನ ಚೆಕ್ ಸಿಕ್ಕಿತು. ಉಳಿದ ಹಳ್ಳಿಗಳಲ್ಲಿ ಹೊರಡಲು ಸಿದ್ಧರಿರುವವರೂ ಇದ್ದಾರೆ, ರಸ್ತೆ-ಸೇತುವೆ ಕೊಟ್ಟರೆ ಸಾಕು ಎನ್ನುವವರೂ ಇದ್ದಾರೆ. ಭೀಮಗಡದ ಬುಡಕ್ಕೂ ಬಾವಲಿಯ ಗವಿಗೂ ಹತ್ತಿರದ ಊರೆಂದರೆ ಈ ತಳೇವಾಡಿಯೇ. ಗಡಕ್ಕೆ ಹೋಗುವ ಜಾಡನ್ನು ಪ್ರತಿ ಮಳೆಗಾಲದ ಬಳಿಕ ಮತ್ತೆ ತುಳಿದು, ಕಾರ್ವಿಯ ಪೊದೆ ಸವರಿ ತೆರೆದಿಡುತ್ತಿದ್ದದ್ದು ಈ ಊರವರ ಕಾಲು, ಈ ಊರವರ ಕುಡುಗೋಲು.